ಯಾರೂ ನೋಡಲು ಬಾರದ ಮಕ್ಕಳ ಕಡತ ತರಿಸಿ ಓದಿ: ತುಮಕೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಮಗಳು, ತಿಪಟೂರಿನ ಸೊಸೆ. ಹಲವು ವರ್ಷಗಳಿಂದ ಗಂಡನೊಂದಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿದ್ದೇನೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಒಡಹುಟ್ಟಿದ ಇಬ್ಬರು ಮಕ್ಕಳನ್ನು ದತ್ತು ಪಡೆಯಲು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ, ಅಂದರೆ ಎಲ್ಲರೂ ಕಾರಾ ಎಂದು ಕರೆಯುವ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿ ಸರದಿಯಲ್ಲಿದ್ದೇವೆ. ನಮ್ಮ ಸರದಿಯನ್ನು ಮುಂದಕ್ಕೆ ತನ್ನಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದು ತಮ್ಮ ಕೈಯಲ್ಲಿಲ್ಲ, ಇರಲೂಬಾರದು. ನನ್ನ ಕೋರಿಕೆ ಇಷ್ಟೇ: ಜಿಲ್ಲೆಯ ಬಾಲಮಂದಿರಗಳಲ್ಲಿ ಮತ್ತು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಯಾರೂ ಬಂದು ನೋಡದ ಮಕ್ಕಳಿದ್ದರೆ, ಅವರ ಕಡತಗಳನ್ನು ತಾವು ಖುದ್ದಾಗಿ ತರಿಸಿ ಓದಬೇಕು.

ನಮ್ಮ ಮಕ್ಕಳು ಯಾವ ರಾಜ್ಯದಿಂದ, ಯಾವ ಜಿಲ್ಲೆಯಿಂದ ಬರುತ್ತಾರೋ ನಮಗೆ ತಿಳಿಯದು. ಹಾಗಿದ್ದೂ ತುಮಕೂರಿಗೆ ಬರೆಯುತ್ತಿದ್ದೇನೆ. ತವರಿನ ಮೇಲಿರುವ ಸಲಿಗೆ ಬೇರೆ ಊರಿನ ಮೇಲೆ ಇರುವುದಿಲ್ಲ. ಇಲ್ಲಿ ಹೇಳುವ ಮಾತು ಪಕ್ಕದ ಚಿಕ್ಕಬಳ್ಳಾಪುರಕ್ಕೂ ಅದರಾಚೆಯ ಕೋಲಾರಕ್ಕೂ ಅಷ್ಟೇ ಒಪ್ಪುತ್ತದೆ.

ಊರಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಇಷ್ಟೊಂದು ಅನಾಥ ಮಕ್ಕಳಿರುವ ದೇಶದಲ್ಲಿ ಒಂದು ಮಗುವಿಗಾಗಿ ವರ್ಷಗಟ್ಟಲೆ ಕಾಯುವುದೆಂದರೇನು? ಸ್ಟುಟ್‌ಗಾರ್ಟಿನ ಸಹೋದ್ಯೋಗಿಗಳೂ ಇದನ್ನೇ ಕೇಳುತ್ತಾರೆ. ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ದಂಪತಿಗಳು ಮತ್ತು ಒಂಟಿ ಪೋಷಕರು ಸರದಿಯಲ್ಲಿದ್ದಾರೆ. 2024-25ರಲ್ಲಿ ಕಾರಾ ಮೂಲಕ ಆದ ದತ್ತು 4,515. ಅಲ್ಲಿಯವರೆಗಿನ ಹತ್ತು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಅದೇ ಅತಿ ದೊಡ್ಡ ಸಂಖ್ಯೆ. ಪುಟ್ಟ ಕೂಸು ಬೇಕೆನ್ನುವವರು ಮೂರು, ಮೂರೂವರೆ ವರ್ಷ ಕಾಯುವುದು ಸಾಮಾನ್ಯ. ಮಗು ಬಾಲಮಂದಿರದಲ್ಲಿದೆ ಎಂದ ಮಾತ್ರಕ್ಕೆ ಅದು ದತ್ತಿನ ಪಟ್ಟಿಯಲ್ಲಿ ಇರುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ನಡೆಸಬೇಕು, ಪತ್ರಿಕೆಯಲ್ಲಿ ಫೋಟೊ ಸಹಿತ ಪ್ರಕಟಣೆ ಬರಬೇಕು, ಹೆತ್ತವರು ಪತ್ತೆಯಾಗಲಿಲ್ಲ ಎಂದು ಪೊಲೀಸರು ವರದಿ ಕೊಡಬೇಕು. ಆಮೇಲೆ ಸಮಿತಿ ಆ ಮಗುವನ್ನು ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತ ಎಂದು ಘೋಷಿಸಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಇದು ಮುಗಿಯಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಆ ಘೋಷಣೆ ಆಗದಿದ್ದರೆ ಮಗು ಯಾರ ಸರದಿಗೂ ಬರುವುದಿಲ್ಲ. ಮಗು ಅಲ್ಲಿಯೇ ಬೆಳೆಯುತ್ತದೆ, ಹದಿನೆಂಟು ತುಂಬುತ್ತದೆ, ಬಾಲಮಂದಿರದಿಂದ ಹೊರಬೀಳುತ್ತದೆ.

ಕಾಯುವವರ ಮನೆ ಹೇಗಿರುತ್ತದೆ ಎಂಬುದನ್ನು ತಮಗೆ ಹೇಳಬೇಕು. ಕಡತದ ಒಂದು ತುದಿಯಲ್ಲಿ ಮಗು ಇದ್ದರೆ ಇನ್ನೊಂದು ತುದಿಯಲ್ಲಿ ಇಂಥದೊಂದು ಮನೆ ಇರುತ್ತದೆ.

ಜರ್ಮನಿಯಲ್ಲಿ 2021ರ ಏಪ್ರಿಲ್‌ನಿಂದ ವಿದೇಶದ ಮಗುವನ್ನು ಯಾರೂ ತಾವೇ ಹೋಗಿ ದತ್ತು ತರುವಂತಿಲ್ಲ. ಮಾನ್ಯತೆ ಇರುವ ಸಂಸ್ಥೆ ಅಥವಾ ಸರ್ಕಾರಿ ದತ್ತು ಕಚೇರಿಯ ಮೂಲಕವೇ ಹೋಗಬೇಕು. ದೇಶದಿಂದ ದೇಶಕ್ಕೆ ದತ್ತು ಹೋಗುವ ಮಕ್ಕಳ ರಕ್ಷಣೆಗಾಗಿ ಆದ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿದೆ, ಜರ್ಮನಿಯೂ ಅದರಲ್ಲಿದೆ. ಹಾಗಾಗಿ ಎರಡೂ ದೇಶಗಳ ತಪಾಸಣೆ ನಮ್ಮ ಮೇಲಿದೆ. ಅದು ಸರಿಯಾದದ್ದೇ. ಗೃಹ ಅಧ್ಯಯನಕ್ಕೆ ಬಂದ ಸಮಾಜ ಕಾರ್ಯಕರ್ತೆ ಸಂಬಳ, ಸಾಲ, ಆರೋಗ್ಯ, ಪೊಲೀಸ್ ದಾಖಲೆ ಎಲ್ಲ ನೋಡಿ ಮುಗಿಸಿದ ಮೇಲೆ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತನಾಡಿಸಿದರು. ನಿಮ್ಮ ತಂದೆಗೆ ಸಿಟ್ಟು ಬಂದಾಗ ಏನು ಮಾಡುತ್ತಿದ್ದರು? ನೀವಿಬ್ಬರೂ ಜಗಳವಾಡಿದರೆ ಮೊದಲು ಮಾತನಾಡಿಸುವವರು ಯಾರು? ಆರು ವರ್ಷದ ಮಗು ದಿನವೂ ಹಾಸಿಗೆ ಒದ್ದೆ ಮಾಡಿಕೊಂಡರೆ? ತಟ್ಟೆಯ ಅನ್ನವನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ? ‘ನೀನು ನಮ್ಮಮ್ಮ ಅಲ್ಲ’ ಎಂದು ಕಿರುಚಿದರೆ? ಹಡೆದು ತಾಯಿಯಾಗುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಆದರೂ ಈ ಪ್ರಶ್ನೆಗಳಿಗೆ ನಾನು ಋಣಿ. ಮಕ್ಕಳ ವಿಷಯದಲ್ಲಿ ನಮ್ಮ ಮನಸ್ಸು ಹದವಾದದ್ದೇ ಅವುಗಳಿಂದ.

ಆ ಗೃಹ ಅಧ್ಯಯನದ ವರದಿಗೆ ಮೂರು ವರ್ಷದ ಆಯಸ್ಸು. ಅಷ್ಟರೊಳಗೆ ಮಕ್ಕಳು ಬಾರದಿದ್ದರೆ ಹೊಸದಾಗಿ ಊರ್ಜಿತಗೊಳಿಸಬೇಕು. ಮನೆ ಬದಲಾದರೆ, ಕೆಲಸ ಬದಲಾದರೆ ಅದೂ ವರದಿಗೆ ಸೇರಬೇಕು. ನಮ್ಮವರಿಗೆ ಬೇರೆ ನಗರದಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು, ಬಿಟ್ಟುಕೊಟ್ಟರು. ನಮ್ಮಿಬ್ಬರ ವಯಸ್ಸು ಕೂಡಿಸಿದರೆ ತೊಂಬತ್ತು ದಾಟಿದೆ, ಆದ್ದರಿಂದ ನಿಯಮದ ಪ್ರಕಾರ ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳೇ ನಮಗೆ ಬರಬೇಕು. ನೂರು ದಾಟಿದರೆ ಎಂಟು ವರ್ಷದ ಮೇಲಿನವರು ಮಾತ್ರ. ನಮ್ಮ ಮನೆಯಲ್ಲಿ ಹುಟ್ಟುಹಬ್ಬಗಳು ಬಂದಾಗ ಇಬ್ಬರಿಗೂ ಮೊದಲು ನೆನಪಾಗುವುದು ಈ ಲೆಕ್ಕ.

ಮಕ್ಕಳ ಕೋಣೆಯಲ್ಲಿ ಎರಡಂತಸ್ತಿನ ಮಂಚ ಇದೆ. ಬೀರು ಖಾಲಿ. ಗಂಡೋ ಹೆಣ್ಣೋ, ನಾಲ್ಕರದೋ ಎಂಟರದೋ ತಿಳಿಯದೆ ಬಟ್ಟೆ ಕೊಳ್ಳುವುದು ಹೇಗೆ? ಹತ್ತಾರು ಮಕ್ಕಳೊಂದಿಗೆ ಒಂದೇ ಹಜಾರದಲ್ಲಿ ಮಲಗಿ ಬೆಳೆದ ಮಗುವಿಗೆ ಕೋಣೆಯ ಬಾಗಿಲು ಮುಚ್ಚಿದರೆ ಭಯವಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅದಕ್ಕೆ ನಮ್ಮ ಹಾಸಿಗೆಯನ್ನೂ ಅದೇ ಕೋಣೆಯ ನೆಲದ ಮೇಲೆ ಹಾಸಲು ಜಾಗ ಬಿಟ್ಟಿದ್ದೇವೆ. ಅಡುಗೆಮನೆಯಲ್ಲಿ ನಮ್ಮವರು ಮೊಣಕಾಲೆತ್ತರಕ್ಕೆ ಒಂದು ಹಲಗೆ ಬಡಿದಿದ್ದಾರೆ. ಬಾಳೆಹಣ್ಣು, ಹುರಿಗಡಲೆ, ಬಿಸ್ಕತ್ತು ಅಲ್ಲಿರಬೇಕು. ಕೇಳದೆ ತೆಗೆದುಕೊಂಡು ತಿನ್ನಬಹುದು, ನಾಳೆಯೂ ಇರುತ್ತದೆ ಎಂಬ ನಂಬಿಕೆ ಬಾಲಮಂದಿರದ ಮಗುವಿಗೆ ಬರುವ ತನಕ ಆ ಹಲಗೆ ಖಾಲಿಯಾಗಬಾರದಂತೆ. ಹಲಗೆ ಬಡಿಯುವ ಮುನ್ನ ಎತ್ತರ ನೋಡಲು ನಮ್ಮವರು ನೆಲದ ಮೇಲೆ ಮಂಡಿಯೂರಿ ಕೈ ಚಾಚಿದ್ದು ನನ್ನ ಕಣ್ಣಮುಂದಿದೆ. ಅಷ್ಟು ಗಂಭೀರವಾಗಿ ಅವರು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ನೋಡಿಲ್ಲ.

ತಿಪಟೂರಿನಿಂದ ಅತ್ತೆ ಹುರಿಹಿಟ್ಟು, ಕೊಬ್ಬರಿ, ಕಡಲೆಕಾಯಿ ಕಳಿಸುತ್ತಾರೆ. ಮಕ್ಕಳು ನಮ್ಮ ಸೀಮೆಯವರಾದರೆ ಮುದ್ದೆ, ಹುರುಳಿಕಾಳಿನ ಸಾರು ಸಾಕು. ಪಾವಗಡದ ಕಡೆಯವರಾದರೆ ಬಾಯಲ್ಲಿ ತೆಲುಗು ಇರಬಹುದು. ಒಡಿಶಾದವರೋ ಬಿಹಾರದವರೋ ಆದರೆ ಮುದ್ದೆಯ ಮುಖವನ್ನೇ ನೋಡಿರಲಾರರು. ನಮ್ಮವರು ಹಿಂದಿಯಲ್ಲಿ ಮಕ್ಕಳಿಗೆ ಹೇಳುವ ಕತೆಗಳನ್ನು ಕಲಿಯುತ್ತಿದ್ದಾರೆ. ಚಳಿಗಾಲದಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆ ಹೊತ್ತಿಗೆ ಮನೆಯೊಳಗೆ ಒಂದು ಕತೆಯಾದರೂ ನಡೆಯಬೇಕು ಎನ್ನುತ್ತಾರೆ.

ಇಲ್ಲಿನ ಶಿಶುವಿಹಾರಕ್ಕೆ ಮುಂಚಿತವಾಗಿಯೇ ಹೆಸರು ಬರೆಸಬೇಕು. ಅರ್ಜಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ ಕೇಳುತ್ತಾರೆ. ನಮ್ಮಲ್ಲಿ ಎರಡೂ ಇಲ್ಲ. ಮೂರು ವರ್ಷ ಮೇಲ್ಪಟ್ಟ ಮಗುವಿಗಾಗಿ ಪೋಷಕರ ರಜೆ ಬೇಕಾದರೆ ಸಾಮಾನ್ಯವಾಗಿ 13 ವಾರ ಮೊದಲೇ ಕಂಪನಿಗೆ ತಿಳಿಸಬೇಕು. ಕಾರಾದಿಂದ ಮಕ್ಕಳ ವಿವರ ಬಂದರೆ ವಿದೇಶದಲ್ಲಿರುವ ನಮಗೆ ತೀರ್ಮಾನಿಸಲು ಸಿಗುವುದು 96 ಗಂಟೆ. ಈ ಎರಡರ ನಡುವೆ ನಮ್ಮ ದಿನ ಸಾಗುತ್ತದೆ. ನಾವಿರುವ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಕೆಲಸ ವಾರಕ್ಕೊಂದು ಮನೆಯ ಸರದಿ, ಸರದಿ ಬಂದ ಬಾಗಿಲಿಗೆ ಫಲಕ ತೂಗುಹಾಕುತ್ತಾರೆ. ಕೆಳಗಿನ ಮನೆಯ ವೃದ್ಧೆ ನನ್ನ ಬಾಗಿಲಿಗೆ ಫಲಕ ಹಾಕಲು ಬಂದಾಗಲೆಲ್ಲ ಮಕ್ಕಳ ಸುದ್ದಿ ಕೇಳುತ್ತಾರೆ. ಮೊಮ್ಮಗ ಆಡಿ ಬಿಟ್ಟ ಮರದ ಜಾರುಬಂಡಿಯನ್ನು ನಮ್ಮ ನೆಲಮಾಳಿಗೆಯಲ್ಲಿ ಇರಿಸಿ ಹೋಗಿದ್ದಾರೆ.

ಇಷ್ಟೆಲ್ಲ ಹೇಳಿದ್ದು ಅನುಕಂಪಕ್ಕಾಗಿ ಅಲ್ಲ. ನಾವು ದೊಡ್ಡವರು, ಕೆಲಸವಿದೆ, ಸ್ನೇಹಿತರಿದ್ದಾರೆ, ಕಾಯುವ ಶಕ್ತಿ ಇದೆ. ನಾಲ್ಕು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಅದರ ಬದುಕಿನ ಕಾಲು ಭಾಗ. ಹೊರಗಿನ ಲೋಕದಲ್ಲಿ ತನಗಾಗಿ ಒಂದು ಹಲಗೆ ಸಿದ್ಧವಾಗಿದೆ ಎಂಬುದೂ ಅದಕ್ಕೆ ತಿಳಿದಿರುವುದಿಲ್ಲ. ಹಾಗಾಗಿ ಕಡತ ನಿಂತರೆ ನಷ್ಟವಾಗುವುದು ಮಗುವಿಗೆ.

ಈಗ ನನ್ನ ಜಿಲ್ಲೆಯ ಜನರೊಂದಿಗೂ ಒಂದು ಮಾತು ಆಡಬೇಕು.

ನಾವು ಸರದಿಯಲ್ಲಿದ್ದೇವೆ ಎಂದು ತಿಳಿದ ಮೇಲೆ ದೂರದ ನೆಂಟರೊಬ್ಬರ ಕಡೆಯಿಂದ ಫೋನ್ ಬಂತು. ‘ಸುಮ್ಮನೆ ಯಾಕೆ ಕಾಯುತ್ತೀರಿ? ಗೊತ್ತಿರುವವರಿದ್ದಾರೆ. ಹುಟ್ಟಿದ ಕೂಸನ್ನೇ ಕೊಡಿಸುತ್ತಾರೆ, ಜನನ ಪ್ರಮಾಣಪತ್ರವೂ ನಿಮ್ಮ ಹೆಸರಿಗೇ ಆಗುತ್ತದೆ.’ ಹೇಳಿದವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಅದೇ ನನ್ನನ್ನು ಹೆದರಿಸಿದ್ದು. 2024ರಲ್ಲಿ ನಮ್ಮ ತುಮಕೂರಿನಲ್ಲಿಯೇ ಶಿಶುಗಳನ್ನು ಮಾರುತ್ತಿದ್ದ ಜಾಲವೊಂದನ್ನು ಪೊಲೀಸರು ಹಿಡಿದ ಸುದ್ದಿ ಓದಿದಾಗ ಆ ಫೋನು ನೆನಪಾಗಿ ಮೈ ನಡುಗಿತು. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಕಠಿಣ ಸಜೆ ಇದೆ. ಮಗು ಆಸ್ಪತ್ರೆಯ ಸುಪರ್ದಿನಲ್ಲಿದ್ದಾಗ ಅಲ್ಲಿನ ಸಿಬ್ಬಂದಿಯೇ ಮಾರಿದರೆ ಮೂರರಿಂದ ಏಳು ವರ್ಷ. ಜೈಲಿನ ಭಯ ಬಿಡಿ. ಹಾಗೆ ಬಂದ ಮಗುವಿಗೆ ಮುಂದೊಂದು ದಿನ ‘ನಾನು ಎಲ್ಲಿಂದ ಬಂದೆ’ ಎಂದು ಕೇಳುವ ವಯಸ್ಸು ಬರುತ್ತದೆ. ಅದರ ಹೆತ್ತ ತಾಯಿ ಯಾರು, ಒಪ್ಪಿ ಕೊಟ್ಟಳೇ, ಅಥವಾ ಮಗು ಸತ್ತಿತೆಂದು ಹೇಳಿ ಅವಳಿಂದ ಕಿತ್ತುಕೊಂಡರೇ ಎಂಬುದಕ್ಕೆ ಯಾವ ಕಾಗದವೂ ಇರುವುದಿಲ್ಲ.

ಮಗುವನ್ನು ಸಾಕಲಾಗದ ತಾಯಿಗೆ ಕಾನೂನಿನಲ್ಲಿ ದಾರಿ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಹೆಸರು ಗುಟ್ಟಾಗಿ ಉಳಿಯುತ್ತದೆ. ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ಮಗುವನ್ನು ಮರಳಿ ಪಡೆಯಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಸಾಕು. ಇದು ಅಪರಾಧವಲ್ಲ ಎಂದು ಎಷ್ಟು ಹಳ್ಳಿಗಳಲ್ಲಿ ಗೊತ್ತು? ಪೊದೆಯಲ್ಲಿ, ಬಸ್ ನಿಲ್ದಾಣದಲ್ಲಿ, ಚರಂಡಿಯ ಪಕ್ಕದಲ್ಲಿ ಕೂಸು ಸಿಕ್ಕಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾವು ತಾಯಿಯನ್ನು ಶಪಿಸುತ್ತೇವೆ. ಅವಳಿಗೆ ಈ ದಾರಿ ತಿಳಿದಿರಲಿಲ್ಲ, ತಿಳಿಸುವವರೂ ಇರಲಿಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಪ್ರತಿ ಬಸುರಿಯ ಮನೆ ಬಲ್ಲರು. ಈ ಮಾತು ಅವರ ಬಾಯಿಂದಲೇ ಹೋಗಬೇಕು.

ಮಾನ್ಯ ಜಿಲ್ಲಾಧಿಕಾರಿಗಳೇ, ತಮಗೇ ಏಕೆ ಬರೆದೆನೆಂದರೆ, ಈ ವಿಷಯದಲ್ಲಿ ತಮ್ಮ ಕೈಗೆ ಕಾನೂನು ದೊಡ್ಡ ಅಧಿಕಾರ ಕೊಟ್ಟಿದೆ. ಮೊದಲು ನ್ಯಾಯಾಲಯ ಕೊಡುತ್ತಿದ್ದ ದತ್ತು ಆದೇಶವನ್ನು ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ನಂತರ, 2022ರ ಸೆಪ್ಟೆಂಬರ್‌ನಿಂದ, ಜಿಲ್ಲಾಧಿಕಾರಿಗಳೇ ಹೊರಡಿಸುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವವರೂ ತಾವೇ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಪಾಲನಾ ಸಂಸ್ಥೆಗಳಲ್ಲಿರುವ ಅನಾಥ, ಪರಿತ್ಯಕ್ತ ಮತ್ತು ಒಪ್ಪಿಸಲ್ಪಟ್ಟ ಮಕ್ಕಳನ್ನು ಗುರುತಿಸುವ ಅಭಿಯಾನವನ್ನು ಎರಡು ತಿಂಗಳಿಗೊಮ್ಮೆ ನಡೆಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಅಂದರೆ ನಾನು ಕೇಳುತ್ತಿರುವುದಕ್ಕೆ ಹೊಸ ಆದೇಶವೇನೂ ಬೇಕಿಲ್ಲ.

ಸಭೆಯಲ್ಲಿ ಒಟ್ಟು ಮಕ್ಕಳೆಷ್ಟು, ಪ್ರಕರಣಗಳೆಷ್ಟು ಎಂಬ ಅಂಕಿಗಳು ತಮ್ಮ ಮುಂದೆ ಬರುತ್ತವೆ. ಅಂಕಿಗಳಲ್ಲಿ ಮಗು ಕಾಣುವುದಿಲ್ಲ. ಕಡತ ತೆರೆದರೆ ಕಾಣುತ್ತದೆ. ಈ ಮಗುವನ್ನು ನೋಡಲು ಕಡೆಯ ಬಾರಿ ಯಾರು ಬಂದರು, ಯಾವ ದಿನ? ತಾಯಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದಳು ಎಂದು ಬರೆದಿದ್ದರೆ, ಅವಳನ್ನು ಹುಡುಕಲು ಆಮೇಲೆ ಯಾರಾದರೂ ಹೋದರೇ? ಬೇರೆ ಜಿಲ್ಲೆಯಿಂದ ಸಾಮಾಜಿಕ ತನಿಖಾ ವರದಿ ಬರಬೇಕೆಂದು ಕಾಗದ ಬರೆದು ಎಷ್ಟು ಕಾಲವಾಯಿತು? ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಮೇಲೆ ಕೆಲಸದ ಹೊರೆ ಎಷ್ಟಿದೆ ಎಂಬುದು ನನಗೆ ಗೊತ್ತು, ಅವರನ್ನು ದೂರುತ್ತಿಲ್ಲ. ಇನ್ನೊಂದು ಜಿಲ್ಲೆಯ ಕಚೇರಿ ಅವರ ಪತ್ರಕ್ಕೆ ಉತ್ತರಿಸದಿರಬಹುದು. ಜಿಲ್ಲಾಧಿಕಾರಿಯ ಫೋನಿಗೆ ಉತ್ತರಿಸದೆ ಇರಲಾರದು.

ಒಡಹುಟ್ಟಿದವರ ವಿಷಯದಲ್ಲಿ ತಮ್ಮ ಕಣ್ಣು ಇನ್ನಷ್ಟು ಬೇಕು. ಪುಟ್ಟ ಮಕ್ಕಳು ದತ್ತು ಕೇಂದ್ರದಲ್ಲಿ, ಹುಡುಗರು ಬಾಲಕರ ಬಾಲಮಂದಿರದಲ್ಲಿ, ಹುಡುಗಿಯರು ಬಾಲಕಿಯರ ಬಾಲಮಂದಿರದಲ್ಲಿ. ಒಂದೇ ದಿನ, ಒಂದೇ ರೈಲು ನಿಲ್ದಾಣದಲ್ಲಿ ಸಿಕ್ಕ ಅಣ್ಣ ತಂಗಿ ಹೀಗೆ ಎರಡು ಕಟ್ಟಡಕ್ಕೆ, ಎರಡು ಕಡತಕ್ಕೆ ಹೋಗುತ್ತಾರೆ. ತಂಗಿಯ ಕಡತ ಮುಂದೆ ಹೋಗಿ ಅಣ್ಣನದು ನಿಂತರೆ ಇಬ್ಬರಲ್ಲೊಬ್ಬರು ಇನ್ನೊಬ್ಬರನ್ನು ಕಳೆದುಕೊಳ್ಳುತ್ತಾರೆ. ತಂದೆ ತಾಯಿಯನ್ನು ಕಳೆದುಕೊಂಡ ಮಗುವಿಗೆ ಉಳಿದಿರುವ ಒಂದೇ ಸ್ವಂತ ಮುಖ ಅದು. ನಾವು ಇಬ್ಬರನ್ನು ಒಟ್ಟಿಗೆ ಕೇಳಿ ಅರ್ಜಿ ಹಾಕಿದ್ದು ಇದಕ್ಕೇ. ನಮ್ಮಂತೆ ಕೇಳುವವರು ಬೇರೆಯವರೂ ಇದ್ದಾರೆ.

ಬಡತನದ ಕಾರಣಕ್ಕೆ ಯಾರ ಮಗುವನ್ನೂ ಕಿತ್ತುಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಮಗುವನ್ನು ಮನೆಯಲ್ಲಿಯೇ ಸಾಕಲು ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ. ಗಂಡ ಸತ್ತ ಹೆಂಗಸೊಬ್ಬಳು ಆ ಹಣದಿಂದ ಮಗನನ್ನು ಬಾಲಮಂದಿರದಿಂದ ಮನೆಗೆ ಕರೆದೊಯ್ಯುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಡತ ಓದಿದರೆ ಅಂಥ ಮಕ್ಕಳೂ ಸಿಗುತ್ತಾರೆ, ಅವರು ತಾಯಿಯ ಬಳಿಗೇ ಹೋಗಲಿ. ಅಜ್ಜಿ, ಚಿಕ್ಕಪ್ಪ, ಸೋದರಮಾವ ಸಾಕುವುದಾದರೆ ಅಲ್ಲಿಗೆ ಹೋಗಲಿ. ಮನೆಯ ದಾರಿಯೇ ಇಲ್ಲದ ಮಕ್ಕಳು ಸರದಿಯಲ್ಲಿರುವವರ ಬಳಿಗೆ ಬರಲಿ. ಅವರು ತುಮಕೂರಿನ ಶಿಕ್ಷಕ ದಂಪತಿಗೆ ಸಿಗಬಹುದು, ಶಿರಾದ ಅಂಗಡಿಯವರಿಗೆ ಸಿಗಬಹುದು. ನಮಗೇ ಸಿಗಲಿ ಎಂಬ ಆಸೆ ನನಗಿದೆ, ಮುಚ್ಚಿಡುವುದಿಲ್ಲ. ಯಾರಿಗೇ ಸಿಕ್ಕರೂ ಒಂದು ಮಗು ಮನೆ ಸೇರುತ್ತದೆ.

ಮಗು ಗೊತ್ತಾದ ಮೇಲಿನ ದಾರಿಯೂ ನಮ್ಮಂಥವರಿಗೆ ಉದ್ದ. ಕಾರಾದ ನಿರಾಕ್ಷೇಪಣಾ ಪತ್ರ, ತಮ್ಮಂಥ ಅಧಿಕಾರಿಯ ದತ್ತು ಆದೇಶ, ಮಗುವಿನ ಪಾಸ್‌ಪೋರ್ಟ್, ವೀಸಾ. ಆದೇಶಕ್ಕೆ ಕಾನೂನು ಕೊಟ್ಟಿರುವ ಗಡುವು ಎರಡು ತಿಂಗಳು. ಐದು ವರ್ಷದ ಮಗುವಿಗೆ ‘ಇವರೇ ನಿನ್ನ ಅಪ್ಪ ಅಮ್ಮ’ ಎಂದು ತೋರಿಸಿ, ಮರುವಾರ ಅವರನ್ನು ವಿಮಾನ ಹತ್ತಿಸಿದರೆ ಆ ಮಗು ಏನೆಂದುಕೊಳ್ಳಬೇಕು? ಆದೇಶ ಬರುವ ತನಕ ಭಾರತದೊಳಗೆ ಮಗುವನ್ನು ತಾತ್ಕಾಲಿಕ ಪೋಷಣೆಗೆ ಪಡೆದು ಜೊತೆಯಲ್ಲಿಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ನಾವಿಬ್ಬರೂ ರಜೆ ಹಾಕಿ ಮಕ್ಕಳಿರುವ ಊರಿನಲ್ಲಿಯೇ ಬಾಡಿಗೆ ಮನೆ ಹಿಡಿಯಲು ಸಿದ್ಧರಿದ್ದೇವೆ. ಇಂಥ ಅರ್ಜಿ ತಮ್ಮ ಮುಂದೆ ಬಂದ ದಿನ, ಯಾರದೇ ಇರಲಿ, ಗಡುವಿನ ಕಡೆಯ ದಿನಕ್ಕೆ ಕಾಯದಿರಿ.

ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಣ್ಣುವುದನ್ನು ನೋಡಿ ಬೆಳೆದ ಜಿಲ್ಲೆ ನಮ್ಮದು. ಮಕ್ಕಳಿಗೆ ಅನ್ನ, ಅಕ್ಷರ, ಸೂರು ಕೊಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಠದ ಮಕ್ಕಳಲ್ಲಿ ಬಹುಪಾಲು ಮಕ್ಕಳನ್ನು ರಜೆ ಬಂದಾಗ ಕರೆದೊಯ್ಯಲು ಅಪ್ಪನೋ ಅಜ್ಜನೋ ಬರುತ್ತಾರೆ. ಬಾಲಮಂದಿರದಲ್ಲಿ ಹಾಗೆ ಯಾರೂ ಬಾರದ ಮಕ್ಕಳು ಯಾರೆಂದು ಅಲ್ಲಿನ ಅಧೀಕ್ಷಕರಿಗೆ, ಅಡುಗೆಯವರಿಗೆ, ರಾತ್ರಿ ಕಾವಲಿನವರಿಗೆ ಹೆಸರು ಸಮೇತ ಗೊತ್ತು. ದಸರಾ ರಜೆಯಲ್ಲಿಯೂ ಬೇಸಿಗೆ ರಜೆಯಲ್ಲಿಯೂ ಮನೆಗೆ ಹೋಗದೆ ಅಲ್ಲಿಯೇ ಉಳಿದವರ ಪಟ್ಟಿಯನ್ನು ತರಿಸಿಕೊಳ್ಳಿ. ತಮ್ಮ ಮುಂದಿನ ತ್ರೈಮಾಸಿಕ ಪರಿಶೀಲನಾ ಸಭೆಗೆ ಅಂಕಿಅಂಶದ ಜೊತೆ ಆ ಪಟ್ಟಿಯೂ, ಅದರಲ್ಲಿರುವ ಪ್ರತಿ ಮಗುವಿನ ಕಡತವೂ ಬರಲಿ. ಒಡಹುಟ್ಟಿದವರಿದ್ದರೆ ಅವರ ಕಡತಗಳನ್ನು ಅಂದೇ ಒಟ್ಟಿಗೆ ಕಟ್ಟಿಸಿ, ಮುಂದಿನ ವಿಚಾರಣೆಗೆ ದಿನಾಂಕ ಗೊತ್ತುಮಾಡಿ.

ಗೌರವಪೂರ್ವಕವಾಗಿ,
ಗುಬ್ಬಿ ತಾಲ್ಲೂಕಿನ ಮನೆಮಗಳು
ಸ್ಟುಟ್‌ಗಾರ್ಟ್, ಜರ್ಮನಿ